ಅಕ್ಕನ ಉದ್ದನೆಯ ಸೋಮವಾರ

೧೪ ಫೆಬ್ರವರಿ ೨೦೨೬, ಶನಿವಾರ. ಚನ್ನಗಿರಿ.

ಬೆಳಗಿನ ಓದು ಮುಗಿಸಿ ಮೇಜಿನ ಮೇಲಿನ ಭೂಗೋಳದ ಧೂಳು ಒರೆಸಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಹಿಡಿದು ಬಿಗಿದರೆ, ಅದು ಉತ್ತರದ ಹಿಮದತ್ತ ಸರಿಯಿತು! ಗೋಡೆಯ ಭೂಪಟ ಇದನ್ನು ಎಂದೂ ತೋರಿಸಿರಲಿಲ್ಲ. ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್, ವಿಮಾನದಲ್ಲಿ ಹದಿನಾರು ಗಂಟೆ. ಸಾಸ್ವೆಹಳ್ಳಿಯಿಂದ ಹೊನ್ನಾಳಿಗೆ ಬಸ್ಸು ಹತ್ತಲೂ ಗೊಣಗುವ ಅಕ್ಕ ಶಿವಗಂಗಮ್ಮ, ಸ್ಯಾನ್ ಫ್ರಾನ್ಸಿಸ್ಕೋದ ಕನ್ನಡ ಸಂಘದಲ್ಲಿ ಸೋಬಾನೆ ಹಾಡಲು ಹೊರಟಿದ್ದಾಳೆ. ಜೊತೆಗೆ ಅವಳ ಮೊಮ್ಮಗಳು ರೂಪಶ್ರೀ.

೧೭ ಫೆಬ್ರವರಿ, ಮಂಗಳವಾರ.

ಅಕ್ಕ ಬಂದಿದ್ದಳು. ನಲವತ್ತು ವರ್ಷಗಳಿಂದ ಅವಳಿಗೆ ಸೋಮವಾರದ ಉಪವಾಸ; ಸಂಜೆ ದೀಪ ಹಚ್ಚುವವರೆಗೆ ನೀರಷ್ಟೇ.

"ಹೊರಡಾದು ಸೋಮವಾರ, ಮುಟ್ಟಾದೂ ಸೋಮವಾರ ಅಂತೆ. ನಡುವೆ ಒಂದು ರಾತ್ರಿ ಬೇರೆ ಐತಂತೆ. ಹೆಂಗೋ ತಮ್ಮಾ?"

ಉತ್ಸಾಹದಿಂದ ಗಂಟೆಗಟ್ಟಲೆ ವಿವರಿಸಿದೆ. ಮಧ್ಯಾಹ್ನ ಎರಡಕ್ಕೆ ಹೊರಟು, ಪೂರ್ವಕ್ಕೆ ಹಾರಿ, ಅಲ್ಲಿನ ಸೋಮವಾರ ನಾಲ್ಕೂವರೆಗೆ ಇಳಿಯುವುದು. ಇನ್ನೂ ಬಿಸಿಲಿರುತ್ತದೆ.

"ಅಂದ್ರೆ ಸೋಮವಾರದ ಸಂಜೆ ಅಲ್ಲೇ ಆಗಾದು?"

"ಹೌದು," ಎಂದೆ. ಲೆಕ್ಕ ಸರಿಯಾಗಿತ್ತು.

೨೨ ಫೆಬ್ರವರಿ, ಭಾನುವಾರ. ಸಂಜೆ.

ಬೆಂಗಳೂರಿನಿಂದ ರೂಪಶ್ರೀಯ ದೂರವಾಣಿ ಕರೆ.

"ಅಜ್ಜಾ, ಅಜ್ಜಿ ತಲೇಗೆ ಏನು ತುಂಬಿದ್ರಿ? ಅಲ್ಲಿ ಸಂಜೆ ಆಗೋ ತನಕ ಉಣ್ಣಲ್ವಂತೆ. ಇಪ್ಪತ್ತೈದು ತಾಸು! ಶುಗರ್ ಮಾತ್ರೆ ತಗೊಂತಾರೆ. ಹೋದ ತಿಂಗ್ಳು ಉಪವಾಸ ಇದ್ದು ಮಧ್ಯಾಹ್ನಕ್ಕೇ ತಲೆ ಸುತ್ತಿ ಬಿದ್ದಿದ್ರು. ಡಾಕ್ಟ್ರ ಮಾತು ಬೇಡ, ನಿಮ್ಮ ಮಾತೇ ಆಗ್ಬೇಕು ಅವ್ರಿಗೆ!"

ಹಿಂದಿನಿಂದ ಅಕ್ಕನ ದನಿ: "ನನ್ನ ತಮ್ಮ ದಾರ ಹಿಡಿದು ಅಳೆದಾನೆ ಕಣೇ!"

ದಾರವನ್ನು ಅಳೆದೆ. ಅಕ್ಕನ ಹಸಿವನ್ನು ಅಳೆಯಲಿಲ್ಲ...

೨೩ ಫೆಬ್ರವರಿ, ಸೋಮವಾರ. ಮಧ್ಯಾಹ್ನ ೧.೧೫.

ಪಂಚಾಂಗ ತೆರೆದು ಕುಳಿತಿದ್ದೆ. ಥಟ್ಟನೆ ಹೊಳೆಯಿತು — ನಮಗೆ ವಾರ ಬದಲಾಗುವುದು ಮಧ್ಯರಾತ್ರಿಯಲ್ಲಿ ಅಲ್ಲ, ಸೂರ್ಯೋದಯಕ್ಕೆ! ಇಷ್ಟು ವರ್ಷ ತಿಳಿದಿದ್ದೂ ವಿಮಾನದ ಚೀಟಿಯನ್ನು ನಂಬಿದೆ. ಕೂಡಲೇ ಕರೆ ಮಾಡಿದೆ. ವಿಮಾನ ಹತ್ತುವ ಸಾಲಿನಲ್ಲಿದ್ದರು.

"ಅಕ್ಕಾ, ನಾನು ಹೇಳಿದ್ದು ತಪ್ಪು. ಕಿಟಕಿಯಲ್ಲಿ ಹೊತ್ತು ಮುಳುಗಿದ ಕೂಡಲೇ ಉಣ್ಣು. ಮತ್ತೆ ಹುಟ್ಟಿದರೆ ಅದು ಮಂಗಳವಾರ."

"ಇಳಿದ ಮ್ಯಾಲೆ ಅವ್ರು ಸೋಮವಾರ ಅಂದ್ರೆ?"

"ಅದು ಅವರ ಸೋಮವಾರ. ನಿನ್ನದು ಮುಗಿದಿರುತ್ತದೆ."

"ನೀನು ತಪ್ಪು ಅಂತ ಒಪ್ಪಿದ್ದು ಇದೇ ಮೊದ್ಲು ನೋಡು!" ನಕ್ಕಳು. ಆಮೇಲೆ ಮೆಲ್ಲಗೆ, "ಆದ್ರೆ ದೀಪ ಹಚ್ಚದೆ ಹೆಂಗೆ ಉಣ್ಣಲಿ? ವಿಮಾನದಾಗೆ ಹಚ್ಚಾಕೆ ಬಿಡ್ತಾರಾ?"

ಉತ್ತರಿಸುವ ಮೊದಲೇ ಕರೆ ತುಂಡಾಯಿತು. ಮತ್ತೆ ಸಿಗಲಿಲ್ಲ.

೨೪ ಫೆಬ್ರವರಿ. ಬೆಳಿಗ್ಗೆ ೬.೨೦.

ಈಗಷ್ಟೇ ಅಕ್ಕನ ಕರೆ ಬಂತು. ದನಿ ಗಟ್ಟಿಯಾಗಿತ್ತು!

"ತಮ್ಮಾ, ಇಳಿದ್ವಿ. ಹೊತ್ತು ಮುಳುಗಿದಾಗ ರೂಪಾ ನನ್ನ ತಲೆ ಮ್ಯಾಲಿನ ದೀಪದ ಗುಂಡಿ ಒತ್ತಿದ್ಲು. ಕೈ ಮುಗಿದು ಉಂಡೆ. ಬೆಳಗಾದ ಮ್ಯಾಲೆ ಉಪ್ಪಿಟ್ಟು ಕೊಟ್ರು, ಅದನ್ನೂ ತಿಂದೆ. ಮಂಗಳವಾರ ಅಲ್ವಾ! ಇಲ್ಲಿ ನೋಡಿದ್ರೆ ಸೋಮವಾರ ಅಂತಾರೆ, ಬಿಸಿಲೈತೆ. ನಿಮ್ಮಲ್ಲಿ ಈಗ ಯಾವ ವಾರ?"

ಹೇಳಹೊರಟವನು ಕಿಟಕಿಯತ್ತ ನೋಡಿದೆ. ಇನ್ನೂ ಹೊತ್ತು ಹುಟ್ಟಿಲ್ಲ. ಹಾಗಾದರೆ ನನಗೆ ಇನ್ನೂ —