ಕೊಲ್ಲೂರಿನ ಲಾಡ್ಜಿನಲ್ಲಿ ಗುಂಡ

ಮೇ 10, ಭಾನುವಾರ, ಸಂಜೆ. ಕೊಲ್ಲೂರು
ಗುಂಡನಿಗೆ ಮೊಸರನ್ನ ಹಾಕಿ ಬಾತ್‌ರೂಮಿನಲ್ಲೇ ಕಟ್ಟಿದೆ. ಲಾಡ್ಜಿನೊಳಗೆ ನಾಯಿ ಬಿಡುವುದಿಲ್ಲ. ಮ್ಯಾನೇಜರ್ ಕಿಟ್ಟಣ್ಣ ನಮ್ಮ ಬಿಜೂರಿನವನು, ಹಾಗಾಗಿ ಬಚಾವ್.
"ಉಮಕ್ಕ, ನಿಮ್ ಮುಖ ಕಂಡ್ ಬಿಡುದ್. ಅದ್ ಬೊಬ್ಬೆ ಹಾಕ್ರೆ ನನ್ ಕೆಲ್ಸ ಹೋತ್ತ್."

ನಾಡಿದ್ದು ನಮ್ಮ ಹೋಮ. ಮುಂಬೈಯಲ್ಲಿ ಇವರ ಹೋಟೆಲಿನ ಪಾರ್ಟ್‌ನರ್ ಕೈಕೊಟ್ಟಮೇಲೆ ಹೇಳಿಕೊಂಡ ಹರಕೆ. ಆವತ್ತಿನಿಂದ ಇವರ ಕೈಯೂ ಜೋರಾಗಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೊತ್ತಿ ನಾನೇ.

ಸಂಕಲ್ಪದ ಹೊತ್ತಿಗೆ ಇವರ ಬಲಗೈ ಮುಟ್ಟಿಕೊಂಡು ಕೂರಬೇಕಂತೆ. ಹೊಡೆಯುವ ಕೈಯೂ ಅದೇ. ಮುಟ್ಟಿದರಾಯಿತು, ಏನು ಮಹಾ...

ಮೇ 11, ಮಧ್ಯಾಹ್ನ
ಮಡಿಗೆಂದು ಬಾತ್‌ರೂಮಿನ ಹಗ್ಗದಲ್ಲಿ ಪಟ್ಟೆಪಂಚೆ ಒಣಹಾಕಿದ್ದರು. ಗುಂಡನಿಗೆ ಅದರ ಚುಂಗು ಸಿಕ್ಕಿತು. ಎಳೆದ, ಹರಿದ, ಉಚ್ಚೆ ಹೊಯ್ದ, ಅದರ ಮೇಲೇ ಮಲಗಿದ. ಇಷ್ಟೇ. ಒಂದು ಪಂಚೆ. ಕೆಳಗಿನ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ.

ಇವರು ಬೆಲ್ಟ್ ಬಿಚ್ಚಿದರು. ಬಕಲ್ ಇರುವ ತುದಿಯಿಂದ ಬಾರಿಸಿದರು. ಗುಂಡನ ಕಿವಿ ಸೀಳಿತು. ಮೂಲೆಯಲ್ಲಿ ಮುದುಡಿದ — ಹಲ್ಲು ಕೂಡಾ ತೋರಿಸಲಿಲ್ಲ. ಅವನೂ ನನ್ನ ಹಾಗೆಯೇ, ದರಿದ್ರದವನು.

ಅಡ್ಡ ಹೋದೆ. ಭುಜಕ್ಕೆ ಬಿತ್ತು. ಜುಟ್ಟು ಹಿಡಿದು ನನ್ನ ತಲೆಯನ್ನು ಟೈಲ್ಸಿಗೆ ಕುಟ್ಟಿದರು. ಇನ್ನೊಮ್ಮೆ ಕುಟ್ಟಿದರು. ಆಮೇಲೆ ಆ ಬಲಗೈ ನನ್ನ ಬಾಯಿ ಮುಚ್ಚಲು ಬಂತು. ಕಚ್ಚಿದೆ. ರಕ್ತದ ರುಚಿ ಸಿಕ್ಕಿದಮೇಲೂ ಬಿಡಲಿಲ್ಲ.

ಇವರ ಕೂಗಿಗೆ ಕಿಟ್ಟಣ್ಣ ಬಾಗಿಲು ಬಡಿದ. "ಎಂತಾಯ್ತ್ ಮಾರ್ರೆ?"
"ನಾಯಿ ಕಚ್ತ್," ಎಂದರು ಇವರು.

ಸಂಜೆ
ಕುಂದಾಪುರಕ್ಕೆ ಹೋಗಿ ನಾಯಿ ಕಚ್ಚಿದ್ದಕ್ಕೆ ಕೊಡುವ ಇಂಜೆಕ್ಷನ್ ಹಾಕಿಸಿಕೊಂಡು ಬಂದರು! ಗಾಯದೊಳಗೂ ಚುಚ್ಚಿದರಂತೆ. ಹೆಂಡತಿ ಕಚ್ಚಿದಳು ಅನ್ನುವುದಕ್ಕಿಂತ ಸೂಜಿಯೇ ವಾಸಿ. ನಲ್ಲಿ ತಿರುಗಿಸಿಟ್ಟು ನಕ್ಕೆ. ತಲೆ ಸಿಡಿಯುತ್ತಿತ್ತು, ಆದರೂ ನಕ್ಕೆ.

ರಕ್ತ ಸೋರುವ ಕೈಯಲ್ಲಿ ಹೋಮಕ್ಕೆ ಕೂರುವಂತಿಲ್ಲ ಎಂದು ಭಟ್ಟರು ಫೋನಿನಲ್ಲಿ ಹೇಳಿದರು. ಇವರು ಫೋನ್ ಇಟ್ಟು ಮೆಲ್ಲಗೆ ಅಂದರು — "ನಾಳೆ ಅದನ್ನ್ ಮುಗ್ಸ್ತೆ. ಮತ್ತ್ ನಿನ್ನ್ ಕಂಡ್ಕಂತೆ."
ಗುಂಡ ಆ ಮಾತಿಗೂ ಬಾಲ ಆಡಿಸಿದ.

ಮೇ 14, ಬಿಜೂರು, ತಂಗಿ ವನಜನ ಮನೆ
ಪೆನ್ನು ಹಿಡಿಯಲು ಇವತ್ತೇ ಆದದ್ದು.

ಮಂಗಳವಾರ ಬೆಳಿಗ್ಗೆ ಗುಂಡನನ್ನು ಲಾಡ್ಜಿನ ಅಂಗಳಕ್ಕೆ ಎಳೆದರು. ಹುಚ್ಚುನಾಯಿ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಕಿಟ್ಟಣ್ಣ ದೊಣ್ಣೆ ಹಿಡಿದು ನಿಂತಿದ್ದ. ಭಕ್ತರು, ಜೀಪಿನವರು ಸುತ್ತ ಸೇರಿದ್ದರು. ದೊಣ್ಣೆ ಎತ್ತಿದ್ದೇ ಮೆಟ್ಟಿಲಿನಿಂದಲೇ ಕೂಗಿದೆ.
"ಕಿಟ್ಟಣ್ಣ, ಹೊಡಿಬೇಡ! ಕಚ್ಚಿದ್ದ್ ನಾಯಿ ಅಲ್ಲ, ನಾನ್! ಬ್ಯಾಂಡೇಜ್ ಬಿಚ್ಚಿ ಕಾಣ್, ನನ್ ಹಲ್ಲೇ!"

ಜೀಪಿನವನೊಬ್ಬ ಕೇಳಿದ — "ಹ್ವಾಯ್, ಹಾಂಗಾರೆ ಇಂಜೆಕ್ಷನ್ ಎಂತಕ್ಕ್?"

ಜನ ನಕ್ಕರು. ಇವರು ನನ್ನ ಮುಖಕ್ಕೆ ಗುದ್ದಿದರು. ನಾಲ್ಕು ಜನರೆದುರು ಹೊಡೆದದ್ದು ಇದೇ ಮೊದಲು. ಒಂದು ಹಲ್ಲು ಅಂಗಳದಲ್ಲಿ ಬಿತ್ತು. ನಗು ನಿಂತಿತು.

ಕಿಟ್ಟಣ್ಣ ದೊಣ್ಣೆ ಇಳಿಸಲಿಲ್ಲ. ಇವರ ಕಡೆ ತಿರುಗಿದ. "ಉಮಕ್ಕ, ನೀವ್ ನಾಯಿ ಕರ್ಕಂಡ್ ಜೀಪ್ ಹತ್ತಿ."
ಹಿಂದೆ ಏಟಿನ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ಸಂತೋಷ ಆಯಿತು. ಆಯಿತು ಅಂದರೆ ಆಯಿತು.

ಮೇ 19
ಗುಂಡನ ಕಿವಿ ಒಣಗಿದೆ. ನನಗೆ ಗಂಜಿಯೇ. ವನಜ ಗದ್ದೆಗೆ ಹೋಗಿದ್ದಾಳೆ. "ಅವ್ರ್ ಬಂದ್ರೆ ಬಾಗ್ಲ್ ತೆಗಿಬೇಡ ಅಕ್ಕಾ" ಅಂದಿದ್ದಾಳೆ.

ಗೇಟಿನ ಹತ್ತಿರ ಕಾರು ನಿಂತಿತು. ಇವರದ್ದೇ. ಚಿಲಕ ಅಲ್ಲಾಡುತ್ತಿದೆ. ಗುಂಡ ಎದ್ದು ಹೊಸಿಲಲ್ಲಿ ನಿಂತ. ಹಲ್ಲು ತೋರಿಸುತ್ತಿದ್ದಾನೆ, ಜೀವಮಾನದಲ್ಲಿ ಮೊದಲ ಸಲ.
ತಡಿ ಮಾರಾಯ. ಮೊದಲು ನಾನು —