ಒಂದೂವರೆ ಗೇಣು ನನ್ನದು

ಡಾಫಿನ್, ಮ್ಯಾನಿಟೋಬಾ
ಮಾರ್ಚ್ ೯

ಪ್ರೀತಿಯ ಒರಿಸ್ಯಾ ಅಕ್ಕಾ,

ಕ್ಯಾಲ್ಗರಿಯಲ್ಲಿ ನೀನೂ ಭಾವನೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆಂದು ಬೈಯಬೇಡ. ಹೊಸ ಮದುಮಗಳಿಗೆ ಪುರುಸೊತ್ತೆಲ್ಲಿ? ಐವತ್ತೆರಡರ ಮದುಮಗಳಂತೆ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ನಗು, ಪರವಾಗಿಲ್ಲ. ಆಸ್ತಾಪ್ ಬೆಳಿಗ್ಗೆ ಶಾಲೆಯ ಬಸ್ಸು ಓಡಿಸಲು ಹೊರಡುವ ಮುಂಚೆ ನನಗೆ ಕಾಫಿ ಕೊಟ್ಟು, ಮೂಗಿಗೆ ಮೂಗು ತಾಗಿಸಿಯೇ ಹೋಗುವುದು. ಆಗ ಕನ್ನಡಕವಿಲ್ಲದೆ ನನ್ನ ಎಡಗಣ್ಣಿಗೆ ಅವನ ರೆಪ್ಪೆಗೂದಲು ಒಂದೊಂದೂ ಕಾಣುತ್ತದೆ. ಅದರಲ್ಲಿ ಒಂದೇ ಒಂದು ಬಿಳಿಯದು. ಅದು ಅವನಿಗೇ ಗೊತ್ತಿರಲಿಲ್ಲ!

ನಿನಗೆ ಗೊತ್ತೇ ಇದೆ, ಬಲಗಣ್ಣಿನ ಪೊರೆ ಬಲಿತಿದೆ, ಎಡಗಣ್ಣಿನದು ಈಗಷ್ಟೇ ಶುರುವಾಗಿದೆ. ಎರಡಕ್ಕೂ ಆಪರೇಷನ್. ಒಳಗೆ ಕೂರಿಸುವ ಮಸೂರ ದೂರ ಕಾಣುವಂಥದ್ದೋ ಹತ್ತಿರ ಕಾಣುವಂಥದ್ದೋ ಎಂದು ಮೊದಲೇ ಹೇಳಬೇಕು, ಇನ್ನೊಂದಕ್ಕೆ ಕನ್ನಡಕವೇ ಗತಿ. ಕೂರಿಸಿದ ಮೇಲೆ ಬೇಡವೆಂದರೆ ಬದಲಾಯಿಸುವುದು ಸುಲಭವಲ್ಲ. ಇದರಲ್ಲಿ ಯೋಚಿಸುವುದೇನಿದೆ, ದೂರದ್ದೇ ಹಾಕಿಸಿಕೊಂಡು ಆ ಸೀಸೆತಳದ ಕನ್ನಡಕವನ್ನು ಕಸಕ್ಕೆ ಎಸೆ ಎಂದು ನೀನು ಬರೆದಿದ್ದೆ. ಡಾಕ್ಟರ್ ಲವಾಲೆಯವರೂ ಹಾಗೇ ಅಂದುಕೊಂಡಿದ್ದರು. ಆಸ್ತಾಪ್ ಅಂತೂ ಇನ್ನು ಹಾಸಿಗೆಯಿಂದಲೇ ಕಿಟಕಿಯಾಚೆಯ ಜಿಂಕೆ ನೋಡುತ್ತಾಳೆ ಇವಳು ಎಂದು ಊರೆಲ್ಲ ಹೇಳಿಕೊಂಡು ಬಂದ. ನಾನೂ ಹೂಂ ಅಂದಿದ್ದೆ.

ಡಾಕ್ಟರಮ್ಮ ಜಾಣೆ. ಎಡಗಣ್ಣಿಗೆ ದೂರ ಕಾಣುವಂಥ ಕಾಂಟ್ಯಾಕ್ಟ್ ಲೆನ್ಸ್ ಹಾಕಿ, ಒಂದು ವಾರ ಹೀಗೇ ಬದುಕಿ ನೋಡಿ ಎಂದು ಕಳಿಸಿದರು. ಮೊದಲ ದಿನ ಸ್ವರ್ಗವೇ ಅಕ್ಕಾ! ಚರ್ಚಿನ ಗುಮ್ಮಟದ ಶಿಲುಬೆಯ ಮೇಲೆ ಕೂತ ಕಾಗೆ ಕೂಡ ಕಂಡಿತು.

ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ ಈಸ್ಟರ್ ಹಬ್ಬಕ್ಕೆ ಮೊಟ್ಟೆಗಳ ಮೇಲೆ ಚಿತ್ತಾರ ಬರೆಯಲು ಕೂತೆವು. ಕಾದ ಮೇಣದಲ್ಲಿ ಕೂದಲೆಳೆಯಂಥ ಗೆರೆ ಎಳೆಯಲು ಇಲ್ಲಿ ಎಲ್ಲರೂ ನನ್ನನ್ನೇ ಕರೆಯುವುದು. ಕನ್ನಡಕ ತೆಗೆದಿಟ್ಟು, ಮೊಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ನನ್ನ ಕಣ್ಣೇ ಭೂತಗನ್ನಡಿ. ಅಂದೂ ಕನ್ನಡಕ ತೆಗೆಯಲು ಕೈಯೆತ್ತಿದೆ. ಮುಖದ ಮೇಲೆ ಏನೂ ಇರಲಿಲ್ಲ. ಮೊಟ್ಟೆ ಹತ್ತಿರ ತಂದೆ, ಬರೀ ಮಂಜು. ಇನ್ನೂ ಹತ್ತಿರ ತಂದೆ, ಇನ್ನೂ ಮಂಜು. ಅಷ್ಟರಲ್ಲಿ ಮುಂಗೂದಲು ಮೇಣದಬತ್ತಿಗೆ ತಾಗಿ ಚುರ್ರೆಂದಿತು. ಪಕ್ಕದಲ್ಲಿದ್ದ ಹಾನ್ಯಾ ಅಜ್ಜಿ ತನ್ನ ಓದುವ ಕನ್ನಡಕ ಬಿಚ್ಚಿ ಕೊಟ್ಟಳು. "ತಗೊಳ್ಳೇ ಹುಡುಗಿ. ಕಡೆಗೂ ನಮ್ಮ ಮುದುಕಿಯರ ಗುಂಪಿಗೆ ಬಂದ್ಯಲ್ಲ." ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಎಳೆದ ಗೆರೆ ಹಾವಿನ ಹಾಗೆ ಹೋಯಿತು.

ಸಂಜೆ ಆಸ್ತಾಪ್ ಮೂಗು ತಾಗಿಸಿದಾಗ ಅವನ ಮುಖ ಹಿಟ್ಟಿನ ಮುದ್ದೆಯ ಹಾಗಿತ್ತು. ನಾನು ಅತ್ತುಬಿಟ್ಟೆ. ತನ್ನನ್ನು ದೂರದಿಂದ ಸರಿಯಾಗಿ ನೋಡಿದ ಮೇಲೆ ಮದುವೆಯ ಬಗ್ಗೆ ಪಶ್ಚಾತ್ತಾಪವಾಯಿತಾ ಎಂದು ಕೇಳಿದ. ನನಗೆ ಹತ್ತಿರದ್ದೇ ಬೇಕು ಅಂದೆ. ಅದಕ್ಕವನು, "ಜಿಂಕೆ ಬಂದಾಗ ಕನ್ನಡಕ ಹಾಕ್ಕೊಂಡ್ರಾಯ್ತು ಬಿಡೇ. ಅಷ್ಟರಲ್ಲಿ ಅದು ಓಡ್ಹೋದ್ರೆ ಹೆಂಗಿತ್ತು ಅಂತ ನಾನು ಹೇಳ್ತೀನಿ" ಅಂದ. ಇಂಥವನನ್ನು ನಾನು ಮದುವೆಯಾಗಿದ್ದೇನೆ, ಅಕ್ಕಾ!

ಡಾಕ್ಟರಮ್ಮ ಮಾತ್ರ ಅಷ್ಟು ಬೇಗ ಬಿಡಲಿಲ್ಲ. "ಇಷ್ಟು ವರ್ಷ ಕನ್ನಡಕ ಹೊತ್ತಿದ್ದು ಸಾಲ್ದಾ ನಿಮಗೆ?"

"ಹೊತ್ತಿಲ್ಲ ಡಾಕ್ಟ್ರೇ, ಹಾಕ್ಕೊಂಡಿದ್ದೆ. ಕುರುಡಿ ಥರ ಬದುಕಿದೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಯಾವ ಮಸೂರ ಹಾಕಿದರೂ ಮೂಗಿನ ತುದಿಯ ಆ ನೋಟ ಹೋಗುತ್ತದಂತೆ. ಒಂದೂವರೆ ಗೇಣು ದೂರದ್ದನ್ನು ಬರಿಗಣ್ಣಿಗೆ ಉಳಿಸಿಕೊಡಬಹುದಂತೆ. ಕಳೆದುಹೋಗುವ ಆ ನೋಟಕ್ಕಾಗಿ ಮನೆಯ ದಾರಿಯುದ್ದಕ್ಕೂ ಅತ್ತೆ. ಆದರೆ ಆ ಒಂದೂವರೆ ಗೇಣು ನನ್ನದು, ಅದನ್ನೇ ಬರೆದುಕೊಳ್ಳಿ ಎಂದು ಹೇಳಿಯೇ ಬಂದಿದ್ದೇನೆ. ಅಷ್ಟು ದೂರದಲ್ಲಿ ಮೊಟ್ಟೆ ಹಿಡಿದು ಬರೆಯುವುದನ್ನು ಕಲಿಯುತ್ತೇನೆ. ಆಸ್ತಾಪ್ ದಿಂಬಿನ ಮೇಲೆ ಸ್ವಲ್ಪ ಹಿಂದೆ ಸರಿದು ಮಲಗಿದರಾಯಿತು. ಬೀದಿಗೆ, ಕಾಗೆಗೆ, ಜಿಂಕೆಗೆ ಕನ್ನಡಕ ಇದ್ದೇ ಇದೆ. ತೀರ್ಮಾನವಾಗಿದೆ, ಇನ್ನು ಫೋನು ಮಾಡಿ ವಾದಿಸಬೇಡ.

ಭಾವನಿಗೆ ನನ್ನ ನಮಸ್ಕಾರ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನಿನ್ನ ಮಂಡಿನೋವು ಕಡಿಮೆಯಾಗಲಿ.

ನಿನ್ನ ತಂಗಿ,
ಸ್ಲಾವ್ಕಾ

ಮರೆತ ಮಾತು: ನೀನು ಚೌಕಟ್ಟು ಹಾಕಿಸಿ ಕಳಿಸಿದ ಮದುವೆಯ ಫೋಟೋ ತಲುಪಿತು. ತುಂಬ ಚೆನ್ನಾಗಿ ಕಾಣುತ್ತಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ. ಅಂದು ಚರ್ಚಿನ ಬಾಗಿಲಲ್ಲಿ ನೀನು ನನ್ನ ಕನ್ನಡಕ ಕಿತ್ತು ನಿನ್ನ ಪರ್ಸಿನೊಳಗೆ ಹಾಕಿಕೊಂಡೆ. "ಇವತ್ತೊಂದಿನವಾದ್ರೂ ಮನುಷ್ಯರ ಥರ ಕಾಣು" ಅಂದೆ. ನಾನು ಬರುವುದನ್ನು ನೋಡುತ್ತಾ ಆಸ್ತಾಪ್ ಅಷ್ಟು ಜನರೆದುರು ಅತ್ತನಂತೆ. ಹಾನ್ಯಾ ಅಜ್ಜಿ ಹೇಳಿ ನನಗೆ ಗೊತ್ತಾಯಿತು. ನನಗೆ ಕಂಡದ್ದು ಒಂದು ಕರೀ ಕಂಬ, ಅದರ ಹಿಂದೆ ಮಸುಕು ದೀಪ. ಅವನ ಆ ಅಳುಮುಖವನ್ನು ಇನ್ನು ಯಾವ ಮಸೂರವೂ ನನಗೆ ತೋರಿಸುವುದಿಲ್ಲ. ಈಸ್ಟರ್‌ಗೆ ಬರುತ್ತೀಯಲ್ಲ, ಆಗ ನನ್ನ ಮುಖದ ಮೇಲೆ ಕನ್ನಡಕ ಇರುತ್ತದೆ. ಕೈ ಹಾಕಬೇಡ.