ಸಂಡಾಸ ನನ್ನದು, ಹೋಟೆಲ್ ನಿಮ್ಮದು

ಐಹೊಳೆ
೧೯-೧-೨೦೨೫, ರವಿವಾರ

ಜಯಶ್ರೀಯ ಅಪ್ಪನವರಿಗೆ,

ರೇಣವ್ವ ಮಾಡುವ ನಮಸ್ಕಾರ. ನಾವು ಇಲ್ಲಿ ಆರಾಮ ಇದ್ದೇವೆ ಎಂದು ಮೊದಲು ಬರೆಯುವುದು ವಾಡಿಕೆ. ನಾನು ಆರಾಮ ಇಲ್ಲ, ಸಿಟ್ಟಿನಲ್ಲಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ನೀವು ಹರಿದು ಹಾಕಲಾರಿರಿ. ರೇಣವ್ವ ಏನು ಬರೆದಿದ್ದಾಳೆ ಎಂದು ನಿಮ್ಮ ಅಕ್ಕ ಕೇಳದೆ ಬಿಡುವುದಿಲ್ಲ, ನೀವು ಓದಿ ಹೇಳಲೇಬೇಕಾಗುತ್ತದೆ.

ನಿನ್ನೆ ನಜೀರಸಾಬ ಹುನಗುಂದದಿಂದ ತನ್ನ ಟಂಟಂ ಗಾಡಿ ತಂದು ನಮ್ಮ ಬಾಗಿಲಲ್ಲೇ ನಿಲ್ಲಿಸಿದ. ನಿಮ್ಮನ್ನು ಅಲ್ಲಿಯ ಚಹಾದ ಅಂಗಡಿಯಲ್ಲಿ ಕಂಡನಂತೆ. ನಾಲ್ಕು ಮಂದಿಯನ್ನು ಸುತ್ತ ಕೂಡಿಸಿಕೊಂಡು ನೀವು ಹೇಳುತ್ತಿದ್ದ ಮಾತನ್ನು ನಿಮ್ಮ ಹಾಗೆಯೇ ಮಾಡಿ ತೋರಿಸಿದ: “ಐಹೊಳ್ಯಾಗ ನಮ್ದೊಂದು ಹೋಟೆಲ್ ಐತ್ರಿ. ಬಸ್ಸುಗಟ್ಟಲೆ ಮಂದಿ ಬರ್ತಾರ. ಮನಿಯಾಕಿ ನೋಡ್ಕೋತಾಳ.” ಅವನು ನಗುತ್ತಿದ್ದ. ನಾನು ಹಂಚಿನ ಮುಂದೆ ಕುಳಿತಿದ್ದೆ, ರೊಟ್ಟಿ ಹೊತ್ತಿ ಹೋಯಿತು.

ಹಂಗಾದರೆ ಸಂಡಾಸ ನನ್ನದು, ಹೋಟೆಲ್ ನಿಮ್ಮದು, ಅಲ್ಲೇನು?

ಬಡವರಿಗೆ ಹಣ ಕೊಡುವ ಆ ಸಂಸ್ಥೆಯ ಪದ್ಮಶ್ರೀ ಮೇಡಮ್ಮನವರು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಿಮಗೆ ನೆನಪಿರಬೇಕು. “ಇದು ಸಾಲ ಅಲ್ರಿ, ತಿರುಗಿ ಕೊಡೂದು ಬ್ಯಾಡ. ಇಂಥಾದ್ದ ಮಾಡ್ರಿ ಅಂತ ನಾವು ಹೇಳೂದಿಲ್ಲ. ಗಂಡ ಹೆಂಡತಿ ಕೂತು ಮಾತಾಡಿ ನೀವ ಠರಾಯಿಸ್ರಿ,” ಎಂದಿದ್ದರು. ಹಣ ನೇರವಾಗಿ ನನ್ನ ಖಾತೆಗೇ ಬಂತು. ಮೊದಲ ಕಂತಿಗೆ ನೀವು ಕುರಿ ಎಂದಿರಿ, ನಾನು ಹೂಂ ಎಂದೆ. ಕುರಿಯ ವಿದ್ಯೆ ನಿಮ್ಮ ರಕ್ತದಲ್ಲೇ ಇದೆ, ಅದರಲ್ಲಿ ನನಗೆ ತಕರಾರಿರಲಿಲ್ಲ. ಮದುವೆಯಾದಾಗಿನಿಂದ ನೀವು ಬೇರೆಯವರ ಹಿಂಡನ್ನೇ ಕಾಯ್ದಿರಿ. ಸ್ವಂತದ ಕುರಿಗಳ ಬೆನ್ನಿಗೆ ನಮ್ಮ ಗುರುತಿನ ಬಣ್ಣ ಹಚ್ಚಿದ ದಿನ ನಿಮ್ಮ ನಡಿಗೆಯೇ ಬೇರೆಯಾಗಿತ್ತು. ಮರಿಗಳಾದಾಗ ಒಂದನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮಡಿಲಲ್ಲಿ ಇಟ್ಟಿರಿ. ನಿಮ್ಮನ್ನು ನೋಡಿ ನಾನು ಎಷ್ಟು ಹಿಗ್ಗಿದೆನೋ ನಿಮಗೆ ಗೊತ್ತಿಲ್ಲ. ನನ್ನ ಸರದಿ ಬಂದಾಗ ನೀವೂ ಹಾಗೆಯೇ ಹಿಗ್ಗುತ್ತೀರಿ ಎಂದುಕೊಂಡಿದ್ದೆ. ಅದೇ ನನ್ನ ತಪ್ಪು ಲೆಕ್ಕ.

ಎರಡನೆಯ ಕಂತಿಗೆ ನಾನು ಪ್ರವಾಸಿಗರಿಗಾಗಿ ಪಾಯಿಖಾನೆ, ಬಚ್ಚಲು ಕಟ್ಟಿಸೋಣ ಎಂದಾಗ ನೀವು ನಕ್ಕಿರಿ. ಗುಡಿ ನೋಡಲು ಬಂದ ಹೆಂಗಸರು ನಮ್ಮ ಬಾಗಿಲು ಬಡಿದು, ದನಿ ಸಣ್ಣ ಮಾಡಿ, “ಅಕ್ಕಾ, ಬಾತ್‌ರೂಮ್ ಐತೇನ್ರಿ?” ಎಂದು ಕೇಳುತ್ತಿದ್ದುದು ನಿಮಗೆ ಕೇಳಿಸಿರಲಿಕ್ಕಿಲ್ಲ, ನೀವು ಅಡವಿಯಲ್ಲಿ ಇರುತ್ತಿದ್ದಿರಿ. ಒಮ್ಮೆ ನಿಮ್ಮ ಅವ್ವನ ವಯಸ್ಸಿನ ಮುದುಕಿಯೊಬ್ಬಳು ಬಸ್ಸಿನಿಂದ ಇಳಿದು ಬಂದಳು. ನಮ್ಮ ಮನೆಯ ಹಳೆಯ ಪಾಯಿಖಾನೆ ಕುಸಿದು ವರ್ಷವಾಗಿತ್ತು, ಇಲ್ಲ ಎಂದೆ. ನಮ್ಮ ಗೋಡೆ ಹಿಡಿದು ನಿಂತಲ್ಲೇ ಆಕೆಯ ಸೀರೆ ಒದ್ದೆಯಾಯಿತು. ಜೊತೆಗಿದ್ದ ಮಗನಿಗೆ ಕಾಣಬಾರದೆಂದು ನನ್ನ ಬೆನ್ನ ಹಿಂದೆ ಅಡಗಿ ಅತ್ತಳು. ಇದನ್ನೂ ಹೇಳಿದ್ದೆ. ನೀವು ಉಣ್ಣುತ್ತಿದ್ದಿರಿ, “ಉಣ್ಣೂ ಮುಂದ ಎಂಥಾ ಮಾತು ತಗಿತಿ,” ಎಂದಿರಿ.

ಗೌಂಡಿ ಯಂಕಪ್ಪ ಗುಂಡಿ ತೋಡಲು ಬಂದಾಗಲೇ ನಾನು ಚಾಷ್ಟಿ, ತಮಾಷೆ ಮಾಡುತ್ತಿಲ್ಲ ಎಂದು ನಿಮಗೆ ತಿಳಿದದ್ದು. ಅಂದು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಯಾರೋ, “ಮಾಳಿಂಗರಾಯನ ಹೇಂತಿ ಸಂಡಾಸದ ಸಾವುಕಾರ್ತಿ ಆಗ್ತಾಳಂತ,” ಎಂದರು. ಅಂದವರ ಮುಂದೆ ನೀವು ಸುಮ್ಮನಿದ್ದಿರಿ. ಮನೆಗೆ ಬಂದು ನನ್ನ ಮುಂದೆ ಕೂಗಾಡಿದಿರಿ. ದೀಪಾವಳಿ ಮುಗಿದ ಮರುದಿನ ಕುರಿ ಹೊಡೆದುಕೊಂಡು ಹುನಗುಂದದ ಅಕ್ಕನ ಮನೆಗೆ ಹೋದಿರಿ. ಮಗಳು ಊರ ಬಾಗಿಲ ಅಗಸಿಯವರೆಗೆ ಹಿಂದೆ ಬಂದಳು, ನೀವು ತಿರುಗಿ ನೋಡಲಿಲ್ಲ.

ಆಮೇಲೆ ಏನೇನಾಯಿತು ಎಂದು ಚಹಾದ ಅಂಗಡಿಯಲ್ಲಿ ಹೇಳುವ ಮೊದಲು ನನ್ನಿಂದ ಕೇಳಿರಿ.

ಎರಡು ಕೋಣೆ ಎದ್ದವು, ಗಂಡಸರಿಗೊಂದು, ಹೆಂಗಸರಿಗೊಂದು. ಬಂದವರು ತಿಳಿದಷ್ಟು ದುಡ್ಡು ಹಾಕಲೆಂದು ಬಾಗಿಲಲ್ಲಿ ಒಂದು ಡಬ್ಬಿ ಇಟ್ಟೆ. ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಬಂದ ಗಂಡಸರು ಹೊಲಸು ಮಾಡಿ, ಡಬ್ಬಿಯ ಕಡೆ ನೋಡದೆ ಹೋದರು. ತೊಳೆಯುವಾಗ ವಾಂತಿ ಮಾಡಿಕೊಂಡೆ. ಓಣಿಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ನೀರೆತ್ತುವ ಮೋಟರು ಸುಟ್ಟಿತು. ಆ ರಾತ್ರಿ ನಿಮಗೆ ಫೋನು ಮಾಡಿದ್ದೆ. ಕಟ್ ಮಾಡಿದಿರಿ.

ಒಂದು ದಿನ ಬಾಗಲಕೋಟೆಯ ಸಾಲಿ ಹುಡುಗಿಯರ ಟ್ರಿಪ್ಪು ಬಂತು. ಒಬ್ಬ ಹುಡುಗಿಗೆ ಗುಡಿಯ ಅಂಗಳದಲ್ಲೇ ಮೊದಲ ಸಲ ಮುಟ್ಟಾಗಿತ್ತು. ಶೈಲಾ ಟೀಚರ್ ಆಕೆಯನ್ನು ತಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬಂದರು. ನಾನು ಬಿಸಿನೀರು ಕಾಯಿಸಿ ಕೊಟ್ಟೆ, ಜಯಶ್ರೀಯ ಲಂಗ ಉಡಿಸಿದೆ. ಹುಡುಗಿ ಹೆದರಿತ್ತು. ಒಲೆಯ ಪಕ್ಕ ಕೂಡಿಸಿ, ಆಗಷ್ಟೇ ಬೇಯಿಸಿದ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ. ಕಾಯುತ್ತ ಕೂತ ಟೀಚರ್ ತಾವೂ ಒಂದು ಕೇಳಿ ತಿಂದರು. “ಊಟಾನೂ ಹಾಕ್ರಲ್ಲ ಅಕ್ಕಾರ, ಮುಂದಿನ ವಾರ ಎರಡು ಬಸ್ಸು ಬರ್ತಾವು,” ಎಂದರು.

ಹೋಟೆಲ್ ಹುಟ್ಟಿದ್ದು ಹೀಗೆ. ಬಚ್ಚಲಿಗೆ ಬಂದವರು ಊಟಕ್ಕೆ ಕೂತರು, ಅವರು ಹೇಳಿ ಇನ್ನಷ್ಟು ಮಂದಿ ಬಂದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಅಷ್ಟೇ. ಒಬ್ಬಳ ಕೈಯಿಂದ ಆಗದೆ ಪಕ್ಕದ ಮನೆಯ ಗುರುಲಿಂಗವ್ವನನ್ನು ಕರೆದೆ. ಗಂಡ ತೀರಿಕೊಂಡ ಮೇಲೆ ಆಕೆ ಮನೆಯಿಂದ ಹೊರಗೇ ಬಂದಿರಲಿಲ್ಲ. ಈಗ ರೊಟ್ಟಿ ಬಡಿಯುತ್ತ ನಿಮ್ಮನ್ನು ನನಗಿಂತ ಜಾಸ್ತಿ ಬಯ್ಯುತ್ತಾಳೆ. ಜಯಶ್ರೀಯ ಕಾಲೇಜಿನ ಫೀ ಈ ಸಲ ಯಾರ ಮುಂದೆಯೂ ಕೈಚಾಚದೆ ಕಟ್ಟಿದೆ. ಇದನ್ನು ಮೊದಲು ನಿಮಗೇ ಹೇಳಬೇಕೆಂದಿತ್ತು.

ಹೋದ ವಾರ ನಿಮ್ಮ ಅಣ್ಣ ಲಕ್ಷ್ಮಪ್ಪ ಭಾವ ಬಂದಿದ್ದರು. ನೀವೇ ಕಳಿಸಿದಿರೋ, ತಾವಾಗಿಯೇ ಬಂದರೋ ತಿಳಿಯದು. “ತಮ್ಮನ ಹೆಸರಲೆ ಒಂದು ಬೋರ್ಡು ಹಾಕಸವಾ. ಆಂವ ಬಂದು ಗಲ್ಲಾದ ಮ್ಯಾಲೆ ಕೂಡ್ತಾನ. ಗಂಡಸು ಮುಂದಿದ್ರ ಶೋಭಾ,” ಎಂದರು.

ನಾನು, “ಕೂಡ್ಲಿ ಭಾವಾ. ಆದ್ರ ಮುಂಜಾನೆದ್ದು ಸಂಡಾಸ ತೊಳದ ಬಂದ ಕೂಡ್ಲಿ,” ಎಂದೆ. ಭಾವ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ದೊಡ್ಡವರಿಗೆ ಹಾಗೆ ಅನ್ನಬಾರದಿತ್ತು. ಆದರೆ ಮತ್ತೆ ಕೇಳಿದರೆ ಮತ್ತೆ ಅದನ್ನೇ ಅನ್ನುತ್ತೇನೆ.

ಈಗ ಕೊನೆಯ ಕಂತು ಬರುವುದಿದೆ. ಹಿತ್ತಲಲ್ಲಿ ಕುರಿಗಳಿಗೆ ತಗಡಿನ ಶೆಡ್ಡು ಹಾಕಬೇಕು, ಇಲ್ಲವೇ ಮನೆಯ ಮೇಲೆ ದೊಡ್ಡ ನೀರಿನ ಟಾಕಿ ಕಟ್ಟಬೇಕು. ಎರಡಕ್ಕೂ ಸಾಲದು. ಏನು ಮಾಡುತ್ತೀರಿ ಎಂದು ಪದ್ಮಶ್ರೀ ಮೇಡಮ್ಮ ಕೇಳಿದಾಗ ಜಯಶ್ರೀಯ ಅಪ್ಪ ಬರಲಿ, ಆಮೇಲೆ ಹೇಳುತ್ತೇನೆ ಎಂದೆ. ಹಣ ನನ್ನ ಖಾತೆಗೇ ಬರುತ್ತದೆ, ನಾನೊಬ್ಬಳೇ ಠರಾಯಿಸಬಹುದು. ಟಾಕಿಗೆ ಯಂಕಪ್ಪನನ್ನು ಕರೆಯಲು ಎರಡು ಸಲ ಅವನ ಮನೆಯ ತನಕ ಹೋಗಿ ಹಾಗೆಯೇ ವಾಪಸು ಬಂದೆ. ಇಷ್ಟು ಸಿಟ್ಟಿದ್ದೂ ಹಾಗೇಕೆ ಬಂದೆ ಎಂದು ನನಗೇ ನನ್ನ ಮೇಲೆ ಕೋಪ.

ಬರುವುದಿದ್ದರೆ ಕುರಿ ಹೊಡೆದುಕೊಂಡು ಹಗಲಲ್ಲಿ, ಬೀರಪ್ಪನ ಗುಡಿಯ ಕಟ್ಟೆಯ ಮುಂದೆಯೇ ಬನ್ನಿ. ಕೂತು ಮಾತಾಡೋಣ, ಜಗಳವೇ ಆಗಲಿ. ಬರುವುದಿಲ್ಲವಾದರೆ ಹೋಟೆಲ್ ನಮ್ಮದು ಎಂದು ಯಾರ ಮುಂದೆಯೂ ಹೇಳಬೇಡಿ.

ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ,
ಇನ್ನೂ ನಿಮ್ಮವಳಾದ
ರೇಣವ್ವ

ತಾ.ಕ.: ಕಾಗದ ಮಡಿಸುತ್ತಿದ್ದಾಗ ಗುರುಲಿಂಗವ್ವ ಬಂದು ಎರಡು ದಿನದಿಂದ ಬಾಯಿ ಬಿಡದ ಮಾತು ಹೇಳಿದಳು. ಶುಕ್ರವಾರ ನಾನು ಜೋಳ ತರಲು ಅಮೀನಗಡಕ್ಕೆ ಹೋಗಿದ್ದಾಗ ನೀವು ಬಂದಿದ್ದಿರಂತೆ. ಟವಲಿನಿಂದ ಮುಖ ಮರೆಮಾಡಿಕೊಂಡು ಪ್ರವಾಸಿಗರ ಸಾಲಿನಲ್ಲೇ ನಿಂತು, ಒಳಗೆ ಹೋಗಿ ಬಂದು, ಡಬ್ಬಿಯಲ್ಲಿ ದುಡ್ಡು ಹಾಕಿ ಹೊರಟಿರಂತೆ. ಸ್ವಂತ ಮನೆಯ ಸಂಡಾಸಕ್ಕೆ ದುಡ್ಡು ಕೊಟ್ಟು ಹೋದ ಗಂಡಸನ್ನು ನಾನು ಎಲ್ಲಿಯೂ ಕಂಡಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಆ ಪಾಪದ ಗುರುಲಿಂಗವ್ವನ ಮೇಲೆ ಹರಿಹಾಯ್ದೆ: “ಬಂದಾವರಿಗೆ ಒಂದ್ ರೊಟ್ಟಿ ಕೊಟ್ಟ ಕಳಸಬಾರದಾಗಿತ್ತೇನ?”